ಮುಸುರೆ ಬಕೆಟ್ಟಿನ ಸಾಕ್ಷಿ

ಮೊನ್ನೆ ಹಾಸನದ ಒಂದು ದೊಡ್ಡ ಅಂಗಡಿಗೆ ಬೇಳೆ ಕೊಳ್ಳಲು ಹೋಗಿದ್ದೆ. ಬಾಗಿಲಲ್ಲೇ ಟೋಪಿ ಹಾಕಿಕೊಂಡ ಹುಡುಗಿಯೊಬ್ಬಳು ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಎರಡು ಬಗೆಯ ಬಿಸ್ಕತ್ತಿನ ಚೂರುಗಳು. ಎರಡನ್ನೂ ತಿಂದು ಯಾವುದು ಚೆನ್ನಾಗಿದೆ ಅಂತ ಹೇಳಬೇಕಂತೆ, ಯಾವುದನ್ನು ಮುಂದೆಯೂ ಮಾರಬೇಕೆಂದು ಕಂಪನಿಯವರು ಅದರ ಮೇಲೆ ತೀರ್ಮಾನ ಮಾಡುತ್ತಾರಂತೆ. ತಿಂದೆ. ಮೊದಲನೆಯದು ಒಳ್ಳೆಯ ಬಿಸ್ಕತ್ತು. ಎರಡನೆಯದು, ದೇವರಾಣೆಗೂ, ಗೋಡೆಯ ಸುಣ್ಣ ಕೆರೆದು ಸಕ್ಕರೆ ಬೆರೆಸಿದ ಹಾಗಿತ್ತು. ಆದರೆ ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳಲ್ಲ, ನನ್ನ ಬಾಯಿಂದ ಬಂದದ್ದು "ಎರಡೂ ಚೆನ್ನಾಗಿದೆಯಮ್ಮ" ಅಂತ. ಒಂದನ್ನೇ ಹೇಳಬೇಕು ಮೇಡಂ, ಇಲ್ಲಿ ಟಿಕ್ ಹಾಕಬೇಕು ಅಂದಳು. ಇನ್ನೊಂದು ಸಲ ಎರಡನ್ನೂ ತಿಂದೆ. ಇದೂ ಪರವಾಗಿಲ್ಲ, ಅದೂ ಪರವಾಗಿಲ್ಲ ಅಂದು, ನಾಚಿಕೆಯಿಂದ ಸುಣ್ಣದ ಬಿಸ್ಕತ್ತನ್ನೇ ಎರಡು ಪೊಟ್ಟಣ ಕೊಂಡು ಬಂದೆ.

ಇದು ನನ್ನೊಬ್ಬಳ ಕಾಯಿಲೆ ಅಂದುಕೊಳ್ಳಬೇಡಿ. ನಮ್ಮ ಆಲೂರು, ಸಕಲೇಶಪುರದ ಕಡೆಯವರಿಗೆಲ್ಲ ಇದು ಹುಟ್ಟಿನಿಂದ ಬಂದದ್ದು. ಬಡಿಸಿದವರ ಎದುರಿಗೆ ಚೆನ್ನಾಗಿಲ್ಲ ಅನ್ನುವ ಮಾತು ನಮ್ಮ ನಾಲಿಗೆಯಲ್ಲಿ ಹೊರಳುವುದೇ ಇಲ್ಲ. ನನ್ನಮ್ಮ ಒಮ್ಮೆ ಮಗ್ಗೆಯಲ್ಲಿ ನೆಂಟರ ಮನೆಯಲ್ಲಿ ಉಪ್ಪೇ ಹಾಕದ ಉಪ್ಪಿಟ್ಟನ್ನು ಹೊಗಳಿ ಹೊಗಳಿ ತಿಂದು, ಇನ್ನೊಂದು ಸೌಟು ಹಾಕಿಸಿಕೊಂಡು, ಬಸ್ಸಿನಲ್ಲಿ ಬರುವಾಗ ನನ್ನ ಕೈಯಲ್ಲಿದ್ದ ಉಪ್ಪು ಖಾರ ಹಚ್ಚಿದ ಮಾವಿನಕಾಯಿಯನ್ನು ಕಸಿದುಕೊಂಡು ನೆಕ್ಕಿದ್ದಳು. ಇಂಥವರ ನಡುವೆ ಹುಟ್ಟಿದ ನಾನು ಒಂದು ಕಾಲದಲ್ಲಿ ವ್ಯಾಪಾರದ ಪ್ರಯೋಗ ಮಾಡಲು ಹೊರಟಿದ್ದೆ ಅಂದರೆ ನಗುತ್ತೀರಿ. ನಗಿ, ನಾನೂ ನಗುತ್ತಲೇ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹಾಸನದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿ, ಬೇಸಿಗೆ ರಜೆಗೆ ಸಕಲೇಶಪುರದಲ್ಲಿದ್ದ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಚಿಕ್ಕಪ್ಪನದು ಹೆದ್ದಾರಿಯ ಪಕ್ಕದಲ್ಲಿ ಒಂದು ಹೋಟೆಲು. ಬೋರ್ಡು ಇತ್ತು, ಆದರೆ ಬೋರ್ಡಿನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರೊಟ್ಟಿ ಹೋಟ್ಲು ಅಂದರೆ ಘಾಟಿ ಇಳಿಯುವ ಲಾರಿಯವರಿಂದ ಹಿಡಿದು ವನಗೂರಿನಿಂದ ಬರುವ ಜೀಪಿನವರವರೆಗೆ ಎಲ್ಲರಿಗೂ ಗೊತ್ತು. ಗೋಡೆಗೆ ಆನಿಸಿದ ಎರಡು ಸಾಲು ಬೆಂಚು, ನಡುವೆ ಓಡಾಡಲು ಜಾಗ, ಮುಂದೆ ಗಲ್ಲಾಪೆಟ್ಟಿಗೆಯ ಹಿಂದೆ ಚಿಕ್ಕಪ್ಪ, ಹಿಂದೆ ಹೊಗೆ ಹಿಡಿದ ಅಡಿಗೆಮನೆಯಲ್ಲಿ ಚಿಕ್ಕಮ್ಮ. ಬಡಿಸಲು ಮಗ್ಗೆ ಕಡೆಯ ರುದ್ರಣ್ಣ, ಅರವತ್ತು ದಾಟಿದವನು, ಹಣೆ ತುಂಬ ವಿಭೂತಿ.

ಚಿಕ್ಕಮ್ಮನ ಅಕ್ಕಿ ರೊಟ್ಟಿಯ ವಿಷಯ ಸ್ವಲ್ಪ ಹೇಳಲೇಬೇಕು. ಕುದಿಯುವ ನೀರಿಗೆ ಹಿಟ್ಟು ಹಾಕಿ ಉಕ್ಕರಿಸಿ, ಬಿಸಿಬಿಸಿಯಾಗಿರುವಾಗಲೇ ನಾದಿ, ಅಂಗೈಯಲ್ಲಿ ತಟ್ಟಿ ತಟ್ಟಿ ತೆಳ್ಳಗೆ ಮಾಡಿ, ಹೆಂಚಿನ ಮೇಲೆ ಬೇಯಿಸಿ ತೆಗೆದು ಕೆಂಡದ ಮೇಲೆ ಇಟ್ಟರೆ ಉಬ್ಬುತ್ತಿತ್ತು. ಅದಕ್ಕೆ ಹುಚ್ಚೆಳ್ಳು ಚಟ್ನಿ, ಒಂದು ಕಾಳು ಪಲ್ಯ, ಒಂದು ಉಂಡೆ ಬೆಣ್ಣೆ. ನಾನು ಚಿಕ್ಕವಳಾಗಿದ್ದಾಗ ಕೊನೆಯಲ್ಲಿ ಉಳಿದ ಹಿಟ್ಟಿನ ಚೂರಿನಿಂದ ಅಂಗೈಯಗಲದ ಮರಿ ರೊಟ್ಟಿ ಮಾಡಿಕೊಡುತ್ತಿದ್ದಳು. ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು, ಕಣ್ಣಲ್ಲಿ ನೀರು ಸುರಿಸುತ್ತಾ ಅದನ್ನು ತಿನ್ನುವುದೇ ನನ್ನ ಬೇಸಿಗೆ ರಜೆಯಾಗಿತ್ತು. ನೀರು ಹೊಗೆಗೆ, ಚಟ್ನಿಯ ಖಾರಕ್ಕೆ ಎಷ್ಟೆಷ್ಟು ಅಂತ ಪಾಲು ಮಾಡಲು ಆಗುತ್ತಿರಲಿಲ್ಲ.

ಆ ಸಲ ಹೋದಾಗ ಮನೆಯಲ್ಲಿ ಮಾತು ಬಿಗಿದಿತ್ತು. ಚಿಕ್ಕಪ್ಪ ರೊಟ್ಟಿ ನಿಲ್ಲಿಸಿ ಪೂರಿ ಶುರು ಮಾಡಬೇಕೆಂದು ಹಟ ಹಿಡಿದಿದ್ದರು. ಒಂದೊಂದೇ ರೊಟ್ಟಿ ತಟ್ಟುವಷ್ಟರಲ್ಲಿ ಲಾರಿಯವನು ಹಾರ್ನ್ ಹೊಡೆದು ಹೊರಟುಹೋಗುತ್ತಾನೆ, ಪೂರಿಯಾದರೆ ಒಂದೇ ಸಲಕ್ಕೆ ಆರು ಬೇಯುತ್ತದೆ, ಈಗಿನವರಿಗೆ ಪೂರಿಯೇ ಇಷ್ಟ ಅನ್ನುವುದು ಅವರ ವಾದ. ಪೂರಿಗೆಂದು ಗ್ಯಾಸ್ ಒಲೆಯನ್ನೂ ತಂದಿಟ್ಟಿದ್ದರು, ಕೆಂಡ ಬೇಕಾದ ರೊಟ್ಟಿಗೆ ಅದು ಆಗುತ್ತಿರಲಿಲ್ಲ. ಪೂರಿ ಕರಿಯಲು ಉಡುಪಿ ಕಡೆಯ ಭಟ್ಟರೊಬ್ಬರನ್ನು ಗೊತ್ತು ಮಾಡುವ ಮಾತೂ ಆಗಿತ್ತು. ಅಂದರೆ ಚಿಕ್ಕಮ್ಮ ಮನೆಗೆ. ಇಪ್ಪತ್ತು ವರ್ಷ ತಟ್ಟಿದ ಕೈಗೆ ಇನ್ನು ಕೆಲಸವಿಲ್ಲ. ಅವಳು ಜಗಳವಾಡಲಿಲ್ಲ. ಮೊದಲ ದಿನ ಪಾತ್ರೆ ತೊಳೆಯುತ್ತಾ ನನ್ನೊಬ್ಬಳ ಹತ್ತಿರ ಅಂದಳು: "ಹೋಟ್ಲಿಗೆ ಹೆಸ್ರು ಬಂದಿದ್ದು ನನ್ ಕೈಯಿಂದ ಅಂದ್ಕಂಡಿದ್ದೆ ಕಣೆ. ಈಗ ನೋಡಿದ್ರೆ ನಾನೇ ಅಡ್ಡ ಆಗ್ಬುಟ್ಟಿದೀನಿ."

ಆ ವರ್ಷವಷ್ಟೇ ನಮ್ಮ ಮೇಷ್ಟ್ರು ಪ್ರಯೋಗ ಮಾಡುವ ಕ್ರಮದ ಬಗ್ಗೆ ಒಂದು ಪಾಠ ಮಾಡಿದ್ದರು. ಒಂದು ಹೊಲ ಇಬ್ಭಾಗ ಮಾಡಿ ಒಂದಕ್ಕೆ ಗೊಬ್ಬರ ಹಾಕು, ಇನ್ನೊಂದಕ್ಕೆ ಬೇಡ, ಉಳಿದದ್ದೆಲ್ಲ ಒಂದೇ ಇರಲಿ, ಆಮೇಲೆ ಅಳೆದು ನೋಡು. ಇಷ್ಟೇ. ಆ ಪಾಠದಲ್ಲಿ ನನಗೆ ಬಂದ ಅಂಕ ಮೂವತ್ತೆಂಟು ಅನ್ನುವುದನ್ನು ಮರೆತು, ಚಿಕ್ಕಪ್ಪನ ಮುಂದೆ ನಿಂತು ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ ಹೇಳಿದೆ. ಜಗಳ ಯಾಕೆ, ಒಂದು ತಿಂಗಳು ಎರಡನ್ನೂ ಪರೀಕ್ಷೆ ಮಾಡೋಣ, ಗೆದ್ದದ್ದನ್ನು ಇಟ್ಟುಕೊಳ್ಳೋಣ. ಎರಡನ್ನೂ ಚಿಕ್ಕಮ್ಮನೇ ಮಾಡಲಿ, ಕೈ ಒಂದೇ ಇರಬೇಕು ಅಂತ ನಿಯಮವನ್ನೂ ಹಾಕಿದೆ. ಚಿಕ್ಕಪ್ಪ ಗಲ್ಲದ ಕೆಳಗೆ ಕೆರೆದುಕೊಂಡು ಒಪ್ಪಿದರು. ಚಿಕ್ಕಮ್ಮನೂ ಒಪ್ಪಿದಳು. ಗೆದ್ದರೆ ಒಲೆಯ ಮುಂದೆ, ಸೋತರೆ ಮನೆಗೆ, ಇದು ಬಾಯಿಬಿಟ್ಟು ಹೇಳದೆ ಮೂವರಿಗೂ ಗೊತ್ತಿತ್ತು.

ಮೊದಲು ಕೇಳಿಯೇಬಿಡೋಣ ಅಂತ ನೋಟ್‌ಬುಕ್ ಹಿಡಿದು ಬೆಂಚಿನಿಂದ ಬೆಂಚಿಗೆ ಹೋದೆ. ಎರಡೂ ಕೊಟ್ಟು, ಯಾವುದು ಚೆನ್ನಾಗಿದೆ ಅಂತ ಕೇಳುವುದು. ಎರಡೂ ಚೆನ್ನಾಗೈತೆ ಅಂತ ಒಬ್ಬರು, ಯಾವುದಾದ್ರೂ ನಡೀತದೆ ಅಂತ ಇನ್ನೊಬ್ಬರು. ಎಡಕುಮೇರಿ ಕಡೆ ರೈಲು ಹಳಿಯ ಕೆಲಸ ಮಾಡುವವರು ವಾರಕ್ಕೊಮ್ಮೆ ಸಾಮಾನಿಗೆ ಬರುತ್ತಿದ್ದರು. ಕಾಡಿನಲ್ಲಿ ತಾವೇ ಬೇಯಿಸಿಕೊಂಡು ಸಾಕಾಗಿದ್ದ ಅವರು ಮೂರನೆಯದು ಏನಾದರೂ ಇದ್ದರೆ ಅದೂ ಚೆನ್ನಾಗಿರುತ್ತದೆ ಅಂದರು. ವನಗೂರಿನ ಒಬ್ಬ ಜೀಪ್ ಡ್ರೈವರ್ ಗಲ್ಲಾ ಕಡೆ ಒಂದು ಸಲ, ಅಡಿಗೆಮನೆ ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ, ನಿಮ್ಮ ಮನೇಲಿ ಯಾವುದು ಬರೆದ್ರೆ ಜಗಳ ಆಗಲ್ವೋ ಅದನ್ನ ಬರ್ಕಳಿ ಅಂದ. ಐದು ದಿನ ಕಳೆದರೂ ನೋಟ್‌ಬುಕ್ಕಿನಲ್ಲಿ ಎರಡೂ ಸಮ.

ಕೇಳಿದರೆ ಆಗದು, ಬಡಿಸಿ ನೋಡಬೇಕು ಅಂತ ಹೊಲದ ಪಾಠಕ್ಕೆ ಬಂದೆ. ಎಡಗಡೆ ಬೆಂಚಿನ ಸಾಲಿಗೆ ರೊಟ್ಟಿ, ಬಲಗಡೆ ಸಾಲಿಗೆ ಪೂರಿ. ಯಾರು ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾರೆ ಅಂತ ಎಣಿಸುವುದು. ರುದ್ರಣ್ಣನಿಗೆ ಎರಡೆರಡು ಸಲ ವಿವರಿಸಿದೆ. ತಲೆಯಾಡಿಸಿದ. ನಾಲ್ಕು ದಿನ ಎಣಿಸಿದೆ, ಮತ್ತೆ ಎರಡೂ ಸಮ! ಇದು ಹೇಗೆ ಸಾಧ್ಯ ಅಂತ ಐದನೇ ದಿನ ಎದ್ದು ಹೋಗಿ ತಟ್ಟೆಗಳನ್ನು ಬಗ್ಗಿ ನೋಡಿದರೆ, ಎಡಗಡೆಯ ತಟ್ಟೆಯಲ್ಲೂ ಒಂದು ರೊಟ್ಟಿ ಒಂದು ಪೂರಿ, ಬಲಗಡೆಯ ತಟ್ಟೆಯಲ್ಲೂ ಒಂದು ರೊಟ್ಟಿ ಒಂದು ಪೂರಿ. ರುದ್ರಣ್ಣನನ್ನು ಹಿತ್ತಲಿಗೆ ಕರೆದು ಕೇಳಿದೆ.

"ಒಂದೇ ಸೂರಿನ ಕೆಳಗೆ ಕೂರ್ಸಿ ಅವ್ರಿಗೊಂದು ಇವ್ರಿಗೊಂದು ಇಕ್ಕಿದ್ರೆ ಪಂಕ್ತಿಭೇದ ಆಗ್ತದೆ ಕಣವ್ವ" ಅಂದ. "ಮಠದಲ್ಲಿ ಮೂವತ್ತು ವರ್ಸ ಬಡ್ಸಿದೀನಿ. ಆ ಪಾಪ ಈ ವಯಸ್ನಲ್ಲಿ ಕಟ್ಕಳಕ್ಕೆ ನನ್ ಕೈಲಿ ಆಗಲ್ಲ."

ಏನು ಹೇಳುತ್ತೀರಿ ಇದಕ್ಕೆ? ಮೇಷ್ಟ್ರ ಪಾಠದಲ್ಲಿ ಗೊಬ್ಬರ ಹಾಕುವವನಿಗೆ ಹಾಕದ ಅರ್ಧ ಹೊಲವನ್ನು ಕಂಡು ಅಯ್ಯೋ ಪಾಪ ಅನಿಸಿದರೆ ಏನು ಮಾಡಬೇಕೆಂದು ಇರಲಿಲ್ಲ. ಅವನ ಮೇಲೆ ಸಿಟ್ಟು ಮಾಡಲು ಹೊರಟು, ಆಗದೆ, ನಕ್ಕು ಸುಮ್ಮನಾದೆ.

ಸರಿ, ಒಂದೇ ದಿನ ಎರಡು ಬೇಡ, ಒಂದು ದಿನ ರೊಟ್ಟಿ ಒಂದು ದಿನ ಪೂರಿ ಅಂತಾಯಿತು. ಪಂಕ್ತಿಭೇದವೂ ಇಲ್ಲ. ಆದರೆ ಸಂತೆಯ ದಿನ ಯಾವುದು? ಆ ದಿನ ಏನು ಮಾಡಿದರೂ ಖರ್ಚಾಗುತ್ತದೆ. ಸಂತೆ ರೊಟ್ಟಿಗೆ ಬಂದರೆ ಚಿಕ್ಕಪ್ಪ ಮುಖ ಊದಿಸುತ್ತಿದ್ದರು, ಪೂರಿಗೆ ಬಂದರೆ ಚಿಕ್ಕಮ್ಮ ಪಾತ್ರೆ ಕುಕ್ಕುತ್ತಿದ್ದಳು. ದೇವರನ್ನೇ ಕೇಳೋಣ, ಬಲಕ್ಕೆ ಹೂ ಬಿದ್ದರೆ ರೊಟ್ಟಿ ಅಂತ ಚಿಕ್ಕಮ್ಮ ಒಂದು ಸಲಹೆ ಕೊಟ್ಟಳು. ಬಲಗಡೆ ಯಾಕೆ ರೊಟ್ಟಿಗೆ, ಪೂರಿಗೇ ಇರಲಿ ಅಂತ ಚಿಕ್ಕಪ್ಪ. ದೇವರು ಫೋಟೋದೊಳಗಿಂದ ನೋಡುತ್ತಿದ್ದ, ಪಾಪ, ಅವನೂ ಎರಡೂ ಚೆನ್ನಾಗಿದೆ ಅನ್ನುವ ಜಾಯಮಾನದವನೇ ಇರಬೇಕು. ಕೊನೆಗೆ ಚೊಂಬಿಗೆ ಚೀಟಿ ಹಾಕಿ, ದಿನಾ ಬೆಳಿಗ್ಗೆ ರುದ್ರಣ್ಣ ಕಣ್ಣು ಮುಚ್ಚಿ ಒಂದು ಎತ್ತುವುದು ಅಂತ ಮಾಡಿದೆ. ಅವನು ಸ್ನಾನ ಮಾಡಿ ವಿಭೂತಿ ಹಚ್ಚಿಯೇ ಚೊಂಬು ಮುಟ್ಟುತ್ತಿದ್ದ. ಅದರ ಮೇಲೆ ಯಾರೂ ತಕರಾರು ತೆಗೆಯಲಿಲ್ಲ.

ಈಗ ಅಳೆಯುವುದು ಏನನ್ನು? ಬಾಯಿಯನ್ನು ನಂಬುವಂತಿಲ್ಲ, ಎರಡನೇ ಸಲ ಹಾಕಿಸಿಕೊಳ್ಳುವುದನ್ನೂ ನಂಬುವಂತಿಲ್ಲ. ಯಾಕೆಂದರೆ ರುದ್ರಣ್ಣ ಕೇಳುವುದಿಲ್ಲ, ಹಾಕಿಯೇಬಿಡುತ್ತಾನೆ. ಹೀಗೆ ತಲೆ ಕೆಡಿಸಿಕೊಂಡು ಹಿತ್ತಲಲ್ಲಿ ಕೂತಿದ್ದಾಗ ಲಕ್ಷ್ಮಕ್ಕ ಬಂದಳು. ತಟ್ಟೆಯಲ್ಲಿ ಬಿಟ್ಟದ್ದನ್ನೆಲ್ಲ ನಾವು ಒಂದು ಬಕೆಟ್ಟಿಗೆ ಹಾಕಿಡುತ್ತಿದ್ದೆವು. ದಿನಾ ಸಂಜೆ ಆ ಮುಸುರೆಯನ್ನು ತನ್ನ ಎಮ್ಮೆಗೆ ಒಯ್ಯುವವಳು ಅವಳು. ಬಕೆಟ್ಟನ್ನು ಬಗ್ಗಿಸಿ ನೋಡಿ ಮುಖ ಸಿಂಡರಿಸಿದಳು.

"ಇವತ್ತು ರೊಟ್ಟಿನಾ? ತಳ ಕಾಣ್ತೈತೆ. ನಮ್ ಎಮ್ಮೆಗೆ ಪೂರಿ ದಿನಾನೇ ಹಬ್ಬ ಕಣವ್ವ."

ನಾನು ಕೂತಲ್ಲಿಂದ ಎದ್ದು ನಿಂತುಬಿಟ್ಟೆ. ಹದಿನೈದು ದಿನ ನಾನು ಊರೆಲ್ಲ ಹುಡುಕಿದ ಉತ್ತರ ನಮ್ಮ ಹಿತ್ತಲಿನ ತೆಂಗಿನ ಬುಡದಲ್ಲೇ ಇತ್ತು. ಎದುರಿಗೆ ಹೊಗಳುವವರೆಲ್ಲ ತಟ್ಟೆಯಲ್ಲಿ ಬಿಟ್ಟು ಹೋಗುವಾಗ ಸತ್ಯ ಹೇಳಿ ಹೋಗುತ್ತಿದ್ದರು. ಅಲ್ಲಿ ಯಾರೂ ಅವರ ಮುಖ ನೋಡುತ್ತಿರಲಿಲ್ಲವಲ್ಲ. ಮರುದಿನದಿಂದ ಸಂಜೆ ಲಕ್ಷ್ಮಕ್ಕ ಬರುವ ಮೊದಲು ಇದ್ದಿಲಿನಿಂದ ಬಕೆಟ್ಟಿನ ಹೊರಮೈಯಲ್ಲಿ ಅದರ ಮಟ್ಟಕ್ಕೆ ಗೆರೆ ಎಳೆದು, ಎಷ್ಟು ಬೆರಳು ಎತ್ತರ ಅಂತ ಬರೆಯತೊಡಗಿದೆ. ಬಿ.ಎಸ್ಸಿ. ಓದುವ ಹುಡುಗಿ ಮೂಗು ಮುಚ್ಚಿಕೊಂಡು ಮುಸುರೆ ಅಳೆಯುವುದನ್ನು ಪಕ್ಕದ ಮನೆಯವರು ಬೇಲಿಯಾಚೆಯಿಂದ ನೋಡಿ, ಇವಳಿಗೆ ಬೇಗ ಗಂಡು ನೋಡಿ ಅಂತ ಚಿಕ್ಕಮ್ಮನಿಗೆ ಹೇಳಿದರಂತೆ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಗೆಲುವು ಕಣ್ಣಿಗೆ ಕಾಣುತ್ತಿದ್ದರೂ ನನಗೆ ಧೈರ್ಯ ಸಾಲಲಿಲ್ಲ. ಒಂದು ಪೂರಿ ದಿನ, ಚಿಕ್ಕಮ್ಮ ಸಾಗು ಕುದಿಸುತ್ತಿದ್ದಾಗ ಕಿವಿಯಲ್ಲಿ ಹೇಳಿದೆ, ಇವತ್ತು ಒಂದು ಚೂರು ಉಪ್ಪು ಕಡಿಮೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಅಂತ. ಸೌಟು ಅಲ್ಲೇ ನಿಂತಿತು. ಚಿಕ್ಕಮ್ಮ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ.

"ನಮ್ ಜಗಳ ಹಸ್ಕಂಡು ಬಂದೋರಿಗೆ ಏನ್ ಗೊತ್ತು? ಸೋತ್ರೆ ಸೋಲ್ತೀನಿ. ಬಾಯಿ ಕೆಡ್ಸಿ ಗೆಲ್ಲಾದು ನಂಗೆ ಬ್ಯಾಡ" ಅಂದಳು.

ಆಮೇಲೆ ಆ ದಿನದ ಸಾಗಿಗೆ ಮನೆಯ ತೆಂಗಿನಕಾಯಿ ಒಂದನ್ನು ಹೆಚ್ಚೇ ತುರಿದು ಹಾಕಿದಳು. ನನಗೆ ಅವಮಾನವೂ ಆಯಿತು, ಅವಳನ್ನು ತಬ್ಬಿಕೊಳ್ಳಬೇಕು ಅಂತಲೂ ಅನಿಸಿತು. ಎರಡನ್ನೂ ಮಾಡದೆ ಹೋಗಿ ಈರುಳ್ಳಿ ಸುಲಿದೆ.

ಮುಸುರೆ ಅಳೆದಷ್ಟು ದಿನವೂ ಗೆರೆಗಳು ಒಂದೇ ಮಾತು ಹೇಳಿದವು. ಪೂರಿಯ ದಿನ ಬಕೆಟ್ಟಿನ ಅರ್ಧಕ್ಕೆ, ರೊಟ್ಟಿಯ ದಿನ ತಳದಲ್ಲಿ ಎರಡು ಬೆರಳು. ಸಂತೆಯ ದಿನವೂ ಅಷ್ಟೇ, ಬಿಡುವಿನ ದಿನವೂ ಅಷ್ಟೇ. ತಿಂಗಳು ಮುಗಿದ ದಿನ ಮಧ್ಯಾಹ್ನ, ಬೆಂಚುಗಳು ಖಾಲಿಯಾಗಿ ರುದ್ರಣ್ಣ ನೆಲ ಒರೆಸುತ್ತಿದ್ದಾಗ, ನಾನು ಚಿಕ್ಕಪ್ಪನ ಎದುರಿಗೆ ಬಕೆಟ್ಟನ್ನೇ ತಂದಿಟ್ಟು ಲೆಕ್ಕ ಒಪ್ಪಿಸಿದೆ. ಚಿಕ್ಕಮ್ಮ ಅಡಿಗೆಮನೆ ಬಾಗಿಲಿಗೆ ಒರಗಿ, ಸೆರಗಿಗೆ ಕೈ ಒರೆಸುತ್ತಾ ಕೇಳುತ್ತಿದ್ದಳು. ಅವಳ ಮುಖ ಅರಳಿತು. ನಾನಂತೂ ಚಿಕ್ಕಪ್ಪ ಒಂದೆರಡು ಮಾತು ವಾದ ಮಾಡಲಿ ಅಂತ ಕಾಯುತ್ತಿದ್ದೆ, ಉತ್ತರವೆಲ್ಲ ಸಿದ್ಧವಾಗಿತ್ತು.

ಅವರು ವಾದ ಮಾಡಲಿಲ್ಲ. ಬಕೆಟ್ಟಿನ ಗೆರೆಗಳನ್ನು ನೋಡುತ್ತಾ ಕೂತರು. ವಾದದಲ್ಲಿ ಸೋತ ಮನುಷ್ಯನ ಮುಖ ಅಲ್ಲ ಅದು, ಏನೋ ಚಿಂತೆಗೆ ಬಿದ್ದವನದು.

"ಹಂಗಾರೆ ಇನ್ನೂ ಅಲ್ಲೇ ಕೂರ್ತೀಯ" ಅಂದರು, ಚಿಕ್ಕಮ್ಮನ ಕಡೆ ನೋಡದೆ. "ಬೆಳಿಗ್ಗೆ ಎದ್ರೆ ನಿನ್ ಕೆಮ್ಮು. ಕಣ್ಣು ನೋಡು ಹೆಂಗಾಗೈತೆ. ಪೂರಿ ಆದ್ರೆ ಭಟ್ರು ಕರೀತಾರೆ, ನೀನು ಆ ಹೊಗೆಯಿಂದ ಈಚೆ ಬರ್ತೀಯ ಅಂದ್ಕಂಡಿದ್ದೆ. ವ್ಯಾಪಾರ ಹಾಳಾಗ್ಲಿ ಮಾರಾಯ್ತಿ."

ರುದ್ರಣ್ಣ ಒರೆಸುವ ಬಟ್ಟೆ ಹಿಡಿದುಕೊಂಡೇ ಹಿತ್ತಲಿಗೆ ಹೋದ. ಚಿಕ್ಕಮ್ಮನ ಕಣ್ಣು ತುಂಬಿತ್ತು, ಈ ಸಲ ಹೊಗೆಗಲ್ಲ ಅಂತ ನನಗೆ ಖಂಡಿತ ಗೊತ್ತಿತ್ತು. ಆಮೇಲೆ ಸೊಂಟಕ್ಕೆ ಕೈ ಇಟ್ಟು ಅಂದಳು:

"ಇಷ್ಟು ಹೇಳಕ್ಕೆ ನನ್ ಕೈಲಿ ಒಂದು ತಿಂಗ್ಳು ಪೂರಿ ಕರಿಸಿದ್ರಾ?"

ನಾನು ನಗು ತಡೆಯಲು ಬಕೆಟ್ಟಿನೊಳಗೆ ನೋಡಿದೆ. ನೋಡಿ, ಮೂವತ್ತು ದಿನ ಏನೇನು ಅಳೆದೆ ನಾನು. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರ ಹತ್ತಿರವಾದರೂ ಹೋಗಿ, ಯಾಕೆ ಬೇಡ, ಯಾಕೆ ಬೇಕು ಅಂತ ಕೇಳಬೇಕೆನ್ನುವುದು ಮಾತ್ರ ನನಗೆ ಹೊಳೆದಿರಲಿಲ್ಲ. ಮೂವತ್ತೆಂಟು ಅಂಕವೇ ಹೆಚ್ಚಾಯಿತು ನನಗೆ.

"ಈಗ ನಂದೊಂದು ಪರೀಕ್ಷೆ" ಅಂದಳು ಚಿಕ್ಕಮ್ಮ. "ಒಂದು ವಾರ ನೀವು ರೊಟ್ಟಿ ತಟ್ಟಿ, ನಾನು ಗಲ್ಲಾದಲ್ಲಿ ಕೂರ್ತೀನಿ. ನೋಡಾಣ ಏನಾಯ್ತದೆ."

ಚಿಕ್ಕಪ್ಪ ತಮಾಷೆ ಅಂದುಕೊಂಡರು. ಮರುದಿನ ಬೆಳಿಗ್ಗೆ ಅವಳು ಮದುವೆ ಮುಂಜಿಗೆಂದು ತೆಗೆದಿಟ್ಟ ನೀಲಿ ಸೀರೆ ಉಟ್ಟು, ತಲೆಗೆ ಹೂ ಮುಡಿದು ಗಲ್ಲಾದ ಹಿಂದೆ ಕೂತೇಬಿಟ್ಟಳು. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ಕುಕ್ಕರಿಸಿದರು. ಆ ವಾರದ ರೊಟ್ಟಿಗಳಿಗೆ ಮೂಲೆಗಳಿದ್ದವು. ಒಂದು ಹೆಂಚಿಗೆ ಕಚ್ಚಿಕೊಂಡರೆ ಇನ್ನೊಂದು ಕೆಂಡದಲ್ಲಿ ಬಿದ್ದು ಮಾಯ. ಗಿರಾಕಿಗಳು ಒಬ್ಬರಾದರೂ ದೂರಿದರಾ? ಇಲ್ಲಪ್ಪ, ಚೆನ್ನಾಗೈತೆ ಚೆನ್ನಾಗೈತೆ ಅಂತ ತಿಂದರು. ಲಕ್ಷ್ಮಕ್ಕನ ಎಮ್ಮೆ ಆ ವಾರ ಒಂದು ಸುತ್ತು ದಪ್ಪಗಾಯಿತು.

ಎರಡನೇ ದಿನಕ್ಕೆ ಚಿಕ್ಕಪ್ಪನಿಗೆ ಕೆಮ್ಮು ಹಿಡಿಯಿತು. ಇಪ್ಪತ್ತು ವರ್ಷ ಆ ಹೊಗೆಯನ್ನು ಬಾಗಿಲಿನಿಂದ ನೋಡಿದ್ದ ಮನುಷ್ಯ. ಮೂರನೇ ದಿನ ಬೆಳಿಗ್ಗೆಯೇ ಗಾರೆಯವನನ್ನು ಕರೆತಂದು, ಒಲೆಯನ್ನು ಸೊಂಟದೆತ್ತರಕ್ಕೆ ಏರಿಸಿ, ಚಾವಣಿಗೆ ತೂತು ಹೊಡೆಸಿ, ಹೊಗೆ ಕೊಳವೆ ಹಾಕಿಸಿದರು. ಹೊಗೆಯೆಲ್ಲ ಮೇಲೆ ಹೋಗಿ, ಮಸಿ ತೊಳೆದ ಮೇಲೆ, ಆ ಅಡಿಗೆಮನೆಯ ಗೋಡೆಗೆ ಹಸಿರು ಬಣ್ಣ ಬಳಿದಿತ್ತು ಅನ್ನುವುದು ಅಂದು ನನಗೆ ಮೊದಲ ಸಲ ಗೊತ್ತಾಯಿತು.

ಮುಂದಿನ ಕಥೆ ಗಲ್ಲಾದಲ್ಲಿ ನಡೆಯಿತು. ಊಟ ಮುಗಿಸಿ ಹೋಗುವವರು ಗಲ್ಲಾದ ಮುಂದೆ ನಿಂತು, ರೊಟ್ಟಿ ಅಂದ್ರೆ ನಿಮ್ಮ ಹೋಟ್ಲಿಂದು ಅಂತ ಒಂದು ಮಾತು ಹೇಳಿ ಹೋಗುವುದು ರೂಢಿ. ಇಪ್ಪತ್ತು ವರ್ಷ ಆ ಮಾತುಗಳನ್ನೆಲ್ಲ ಕೇಳಿಸಿಕೊಂಡವರು ಚಿಕ್ಕಪ್ಪ. ಒಳಗೆ ಹೇಳಬೇಕು ಅಂತ ಅವರಿಗೆ ಹೊಳೆದೇ ಇರಲಿಲ್ಲ. ಘಾಟಿಯ ಲಾರಿಯವನೊಬ್ಬ ಬಂದು, ಹೋದ ವರ್ಷ ಜ್ವರ ಬಂದಾಗ ಇಲ್ಲಿಯ ರೊಟ್ಟಿ ನೆನೆಸಿಕೊಂಡೇ ಮಂಗಳೂರಿನಿಂದ ಗಾಡಿ ಓಡಿಸಿದೆ ಅಂದಾಗ, ಚಿಕ್ಕಮ್ಮ ಚಿಲ್ಲರೆ ಕೊಡುವುದನ್ನೇ ಮರೆತು ಅವನ ಮುಖ ನೋಡುತ್ತಾ ಕೂತಳು. ನಾನು ಅಲ್ಲೇ ಪಕ್ಕದಲ್ಲಿದ್ದೆ. ಅಷ್ಟು ಸಂತೋಷವನ್ನು ನಾನು ಬೇರೆ ಯಾವ ಮುಖದಲ್ಲೂ ಕಂಡಿಲ್ಲ.

ನನ್ನ ರಜೆ ಮುಗಿಯಿತು, ಓದು ಮುಗಿಯಿತು, ಮದುವೆಯೂ ಆಯಿತು. ಹೋದ ತಿಂಗಳು ಆ ದಾರಿಯಲ್ಲಿ ಹೋಗುವಾಗ ಹೋಟೆಲಿನಲ್ಲಿ ಇಳಿದೆ. ಒಳಗೆ ಚಿಕ್ಕಪ್ಪ ನಿಂತುಕೊಂಡು ರೊಟ್ಟಿ ತಟ್ಟುತ್ತಿದ್ದರು, ಕಿವಿಯ ಮೇಲೆಲ್ಲ ಹಿಟ್ಟು. ಗಲ್ಲಾದ ಹಿಂದೆ ಚಿಕ್ಕಮ್ಮ, ಕನ್ನಡಕ ಬಂದಿದೆ, ಕೆಮ್ಮು ಹೋಗಿದೆ. ಮೂರು ಜನಕ್ಕೆ ಒಟ್ಟಿಗೆ ಚಿಲ್ಲರೆ ಎಣಿಸಿ ಕೊಡುತ್ತಿದ್ದಳು. ಬಗ್ಗಿ ಅವಳ ಕಿವಿಯಲ್ಲಿ ಕೇಳಿದೆ, ಒಂದು ವಾರ ಅಂದಿದ್ದೆಯಲ್ಲ ಚಿಕ್ಕಮ್ಮ, ಆ ಪರೀಕ್ಷೆ ಇನ್ನೂ ಮುಗಿದಿಲ್ಲವಾ ಅಂತ.

ಅವಳು ತಲೆ ಎತ್ತದೆ ಅಂದಳು: "ಅಷ್ಟು ಬೇಗ ಹೆಂಗೆ ಹೇಳಕ್ಕಾಯ್ತದೆ ಕಣೆ? ಇನ್ನೂ ನೋಡ್ತಾ ಇದೀನಿ."